ತಮ್ಮನ ಎಡೆಗೆ ಟರ್ಕಿ ಹಾಡು

ಇವತ್ತು ತಮ್ಮನ ವರ್ಷದ ತಿಥಿ ಕಣ್ರಪ್ಪಾ. ಅವನಿಗಿಷ್ಟವಾದ ನಾಟಿಕೋಳಿ ಸಾರು, ಮುದ್ದೆ ಎಡೆ ಇಟ್ಟು, ಪಕ್ಕದಲ್ಲಿ ಫೋನಿಟ್ಟು ಟರ್ಕಿ ಹಾಡು ಹಾಕ್ದೆ. ಚನ್ನಪಟ್ಟಣದ ಬೊಂಬೆ ಕಾರ್ಖಾನೇಲಿ ದಿನವೆಲ್ಲ ಅದನ್ನೇ ಕೇಳ್ತಿದ್ದ, ನಮಗೂ ಹುಚ್ಚು ಹಿಡಿಸಿದ್ದ.

ದೊಡ್ಡಪ್ಪ ರೇಗಿದ್ರು: "ಏನ್ಲಾ ಇದು, ಎಡೆ ಮುಂದೆ? ಭಜನೆ ಹಾಕ್ಲಾ!"

"ಸತ್ತೋರಿಗೆ ಇಷ್ಟ ಆದದ್ದೇ ಇಡ್ಬೇಕು ಅಂದೋರು ನೀವೇ ಅಲ್ವಾ ದೊಡ್ಡಪ್ಪಾ?"

ಅವನು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತ್ವಿ. ಒಳಗೆ ತಂತಿವಾದ್ಯದ ಆ ಟರ್ಕಿ ಜಾನಪದ ಹಾಡು ಮುಗೀತು. ಇದ್ದಕ್ಕಿದ್ದಂಗೆ ಡ್ರಮ್ಮು, ಗಿಟಾರಿನ ರಾಕ್ ಶುರುವಾಯ್ತು. ಅವ್ವ ನನ್ನ ಕೈ ಹಿಡ್ಕೊಂಡ್ಲು.

"ಬಂದವ್ನೆ ಕಣ್ಮಗ. ಹಾಡು ಬದಲಾಯ್ಸ್ದ ನೋಡು."

ಫೋನು ತಾನಾಗೇ ಮುಂದಿನ ಹಾಡು ಹಾಕೋ ಆಟೋಪ್ಲೇ ಅದು ಅಂತ ನಂಗೆ ಗೊತ್ತಿತ್ತು. ಹೊತ್ತಾಯ್ತು ಅಂತ ಬಾಗಿಲಿಗೆ ಕೈ ಹಾಕಿದ್ರೆ, ಭಜನೆ ಹಾಕು ಅಂದಿದ್ದ ದೊಡ್ಡಪ್ಪನೇ ತಡೆದ್ರು: "ಈಗ್ಲೇ ತೆಗೀಬ್ಯಾಡ ಕಣ್ಲಾ. ಇನ್ನೊಂದ್ ಕೇಳ್ಕಳ್ಲಿ."