ರಗ್ಬಿ ಮೈದಾನದಲ್ಲಿ ಪಂಕ್ತಿ

2024ರ ಜನವರಿಯಲ್ಲಿ ನಾನು ಸೇಡಂನಲ್ಲಿ ಆಂಬ್ಯುಲೆನ್ಸಿನ ಇ.ಎಂ.ಟಿ. ಆಗಿದ್ದೆ. ಇ.ಎಂ.ಟಿ. ಅಂದರೆ ತುರ್ತು ಚಿಕಿತ್ಸೆಯ ತಂತ್ರಜ್ಞೆ, ರೋಗಿ ಆಸ್ಪತ್ರೆ ಮುಟ್ಟುವವರೆಗೆ ದಾರಿಯಲ್ಲಿ ನೋಡಿಕೊಳ್ಳುವವಳು. ಜನರ ಬಾಯಲ್ಲಿ ಬರೀ 'ಸಿಸ್ಟರ್'. ಕೆಲಸಕ್ಕೆ ಸೇರಿ ಅದು ಎರಡನೇ ವರ್ಷ. ಗಾಡಿ ಓಡಿಸುವವರನ್ನು ನಮ್ಮಲ್ಲಿ ಪೈಲಟ್ ಎನ್ನುತ್ತಾರೆ. ನನ್ನ ಪೈಲಟ್ ಗಫೂರ್ ಚಾಚಾ, ವಾಡಿಯವರು. ನಾನು ಶಹಾಬಾದಿನವಳು.

ಪ್ರತಿ ದಿನದ ಕರೆಗಳನ್ನು ಡೈರಿಯಲ್ಲಿ ಬರೆದಿಡುವುದು ನನ್ನ ರೂಢಿ. ಎಲ್ಲಿಗೆ ಹೋದೆವು, ಯಾರಿಗೆ ಏನಾಗಿತ್ತು, ಕೊನೆಗೆ ಏನಾಯಿತು ಎಂಬಷ್ಟೇ. ಆ ಜನವರಿಯ ಮೂರು ಪುಟಗಳಲ್ಲಿ ಮಾತ್ರ ಉತ್ತರಗಳಿಗಿಂತ ಪ್ರಶ್ನಾರ್ಥಕ ಚಿಹ್ನೆಗಳೇ ಹೆಚ್ಚು.

ಆ ಮೂರು ದಿನ ಊರಿನಲ್ಲಿ ರಗ್ಬಿ ಪಂದ್ಯಾವಳಿ ಇತ್ತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದೂ ಊರುಗಳ ಹುಡುಗರ ತಂಡಗಳು, ಜೊತೆಗೆ ಹೊರ ಜಿಲ್ಲೆಯ ಮೂರು. ನಮ್ಮ ಭಾಗ ಕಬಡ್ಡಿ ಮತ್ತು ಕುಸ್ತಿಯನ್ನು ಕಂಡದ್ದು. ಮೊಟ್ಟೆಯಾಕಾರದ ಚೆಂಡನ್ನು ಬಗಲಲ್ಲಿ ಇಟ್ಟುಕೊಂಡು ಓಡುವ ಆಟವನ್ನು ಇಷ್ಟು ದೊಡ್ಡದಾಗಿ ಕಂಡದ್ದು ಅದೇ ಮೊದಲು. ಮೈದಾನದ ಬದಿಯಲ್ಲಿ ನಮ್ಮ ಗಾಡಿ ನಿಲ್ಲಿಸಿಕೊಂಡು ಇರಬೇಕೆಂದು ಆದೇಶ ಬಂತು.

ಮೊದಲ ದಿನ ಬೆಳಿಗ್ಗೆ ರೆಫರಿಯನ್ನು ಕಂಡು ನನಗೆ ಬೇಕಾದ ನಿಯಮಗಳನ್ನಷ್ಟೇ ಕೇಳಿಕೊಂಡೆ. ಒಂದು ತಂಡಕ್ಕೆ ಏಳು ಜನ. ಏಳು ನಿಮಿಷದ ಎರಡು ಅವಧಿ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ 'ಟ್ರೈ', ಐದು ಅಂಕ. ಆಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಇನ್ನೆರಡು. ಚೆಂಡು ಹಿಡಿದವನನ್ನು ಕೆಡವುವುದು 'ಟ್ಯಾಕಲ್', ಭುಜಕ್ಕಿಂತ ಮೇಲೆ ಹಿಡಿಯುವಂತಿಲ್ಲ. ಆಮೇಲೆ ಅವರು, ಒಬ್ಬ ಬಿದ್ದ ಮಾತ್ರಕ್ಕೆ ಆಟ ನಿಲ್ಲುವುದಿಲ್ಲ, ಆಟ ನಡೆಯುತ್ತಿರುವಾಗಲೇ ನೀವು ಒಳಗೆ ಬಂದು ಅವನನ್ನು ನೋಡಬೇಕು ಎಂದರು. ನಾನು ಗಾಬರಿಯಾದೆ. ಬಿದ್ದವನನ್ನು ಬಿಟ್ಟು ಉಳಿದವರು ಓಡುತ್ತಲೇ ಇರುತ್ತಾರೆ ಎಂದರೆ ಇದು ಎಂಥ ಆಟ?

ಗಫೂರ್ ಚಾಚಾ ಎರಡು ಪಂದ್ಯ ನೋಡಿ ತಮ್ಮ ತೀರ್ಪು ಕೊಟ್ಟರು. "ಬೇಟಿ, ಇದು ಹೊಸಾ ಆಟ ಏನಲ್ಲ. ವಾಡಿ ಸ್ಟೇಶನ್‌ನ್ಯಾಗ ಜನರಲ್ ಡಬ್ಬಿ ಬಂದಾಗ ದಿನಾ ಇದೇ ಆಡ್ತಾರ. ಚೆಂಡಿನ ಬದಲಿ ಗಂಟು ಇರ್ತದ, ಅಷ್ಟೇ."

ಆಟ ಹೇಗೋ ಅರ್ಥವಾಯಿತು. ಜನ ಅರ್ಥವಾಗಲಿಲ್ಲ. ಅದೇ ದಿನ ಸೇಡಂ ಮತ್ತು ವಾಡಿ ನಡುವೆ ಪಂದ್ಯವಿತ್ತು. ನನ್ನ ಪಕ್ಕದಲ್ಲೇ ಒಂದು ದೊಡ್ಡ ಗುಂಪು ಹಲಿಗೆ ಬಡಿಯುತ್ತ "ವಾಡೀ, ವಾಡೀ" ಎಂದು ಕೂಗುತ್ತಿತ್ತು. ರೈಲಿಗೆ ಬಂದವರೆಂದುಕೊಂಡೆ. ಒಬ್ಬ ಹಿರಿಯರನ್ನು ಕೇಳಿದೆ.

"ಕಾಕಾ, ವಾಡಿಯವರೇನ್ರಿ?"

"ಇಲ್ಲವಾ, ನಾವು ಇಲ್ಲೇ ಸ್ಟೇಶನ್ ರೋಡಿನವ್ರು."

"ಮತ್ತ ವಾಡಿ ಅಂತ ಒದರಾಕತ್ತೀರಿ?"

"ನಮ್ಮ ಹುಡುಗ್ರು ಅಲ್ಲೇನವಾ ಅವ್ರು!" ಎಂದು ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು.

ಮರುದಿನ ಚಿತ್ತಾಪುರದ ಪಂದ್ಯದಲ್ಲೂ ಹೀಗೆಯೇ ಆಯಿತು. ಸೇಡಂನ ಬಜಾರಿನ ಅರ್ಧ ಜನ ಸೇಡಂ ಸೋಲಲಿ ಎಂದು ಕೂಗುತ್ತಿದ್ದರು. ನಮ್ಮ ಶಹಾಬಾದ್ ತಂಡ ಆ ಹೊತ್ತಿಗಾಗಲೇ ಸೋತು ಹೊರಬಿದ್ದಿತ್ತು. ನನಗೆ ಪರಿಚಯವೇ ಇಲ್ಲದ ಇಬ್ಬರು ಹೆಂಗಸರು ಆ ಹುಡುಗರ ಬೆನ್ನು ಸವರಿ ಅಳುತ್ತಿದ್ದರು. ಶಹಾಬಾದಿನವಳಾದ ನನಗೇ ಅಷ್ಟು ದುಃಖವಾಗಿರಲಿಲ್ಲ.

ಕಾರಣ ತಿಳಿದದ್ದು ಆ ಮಧ್ಯಾಹ್ನ, ಕಮಲಾಬಾಯಿಯವರಿಂದ. ಬಸ್ ನಿಲ್ದಾಣದ ಬಳಿ ಮಿರ್ಚಿ ಭಜಿ ಮಾಡುವ ಅವರನ್ನು ಊರಿನಲ್ಲಿ ಅರಿಯದವರಿಲ್ಲ. ತಂಡಗಳಿಗೆಂದು ಗೊತ್ತು ಮಾಡಿದ್ದ ಕಟ್ಟಡದ ನೀರಿನ ಮೋಟರ್ ಸುಟ್ಟು ಹೋಗಿತ್ತಂತೆ. ಹಿರಿಯರು ಕೂಡಿ ಒಂದೊಂದು ತಂಡವನ್ನು ಒಂದೊಂದು ಓಣಿಗೆ ಹಂಚಿದರು. ಸ್ನಾನ, ಮಲಗುವುದು ಎಲ್ಲ ಆ ಓಣಿಯ ಮನೆಗಳಲ್ಲೇ, ಊಟ ಓಣಿಯ ನಡುವೆ ಎಲ್ಲರೂ ಕೂಡಿ ಪಂಕ್ತಿಯಲ್ಲಿ. ಕಮಲಾಬಾಯಿಯ ಓಣಿಗೆ ಚಿಂಚೋಳಿ ತಂಡ ಬಂದಿತ್ತು. ಅವರ ಮನೆಯಲ್ಲಿ ಇಳಿದದ್ದು ನರಸಪ್ಪ ಎಂಬ ಹುಡುಗ. ಚಂದ್ರಂಪಳ್ಳಿ ಕಡೆಯವನು, ಆ ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವನು.

"ಮುಂಜಾನಿ ಸುಸಲಾ ತಿಂದ, ಮಧ್ಯಾಹ್ನ ಪುಂಡಿಪಲ್ಲೆ ಮತ್ತ ರೊಟ್ಟಿ. ಎಷ್ಟು ರೊಟ್ಟಿ ತಿಂತಾನ್ರೀ ಸಿಸ್ಟರ್, ನೋಡಿದ್ರ ಹೊಟ್ಟಿ ತುಂಬ್ತದ" ಎಂದು ಹೆಮ್ಮೆಯಿಂದ ಹೇಳಿದರು. ವಿಚಿತ್ರವೆಂದರೆ ಕಮಲಾಬಾಯಿಯ ಸ್ವಂತ ಮಗ ಶರಣು ಸೇಡಂ ತಂಡದ ನಾಯಕ. ಮರುದಿನದ ಫೈನಲ್ ಸೇಡಂಗೂ ಚಿಂಚೋಳಿಗೂ.

"ನಾಳೆ ಯಾರ ಕಡೆ ಅವ್ವಾ ನೀವು?" ಎಂದೆ.

"ನರಸ್ಯಾನ ಕಡೆ."

"ಮಗ?"

"ಮಗ ಎಲ್ಲಿ ಹೋಗ್ತಾನ? ಸೋತ್ರೂ ಮನಿಗೇ ಬರ್ತಾನ, ಗೆದ್ರೂ ಮನಿಗೇ ಬರ್ತಾನ. ಇವ ನಾಳೆ ಊರಿಗಿ ಹೋಗಾವ. ಸೋತು ಕಳಿಸಿದ್ರ ನಮ್ಮ ಓಣಿ ಮರ್ಯಾದಿ ಏನುಳೀತದ?"

ಭಜಿ ತಿನ್ನುತ್ತಿದ್ದ ಶರಣು, "ನೋಡ್ರಿ ಸಿಸ್ಟರ್, ಇಪ್ಪತ್ತು ವರ್ಷ ಇದೇ ಮನ್ಯಾಗ ಉಂಡೀನಿ, ನನ್ನ ರೊಟ್ಟಿ ಲೆಕ್ಕಕ್ಕೇ ಇಲ್ಲ" ಎಂದು ನಕ್ಕ.

ಅಷ್ಟಾದರೂ ನಾನು ಫೈನಲ್‌ಗೆ ಮಾಡಿದ ಏರ್ಪಾಡು ಊರಿನ ಲೆಕ್ಕದ್ದೇ. ಪೂರ್ವಕ್ಕೆ ಸೇಡಂ ಜನ, ಪಶ್ಚಿಮಕ್ಕೆ ಚಿಂಚೋಳಿ ಜನ. ಗಾಡಿಯಿಂದ ಮೈದಾನಕ್ಕೆ ಸ್ಟ್ರೆಚರ್ ತರುವ ದಾರಿಯನ್ನು ಉತ್ತರದ ಗೆರೆಯ ಹಿಂದೆ ಸುಣ್ಣ ಹಾಕಿ ಗುರುತು ಮಾಡಿಸಿದೆ. ಗೆರೆಯ ಹಿಂದಿನ ಆ ಜಾಗ ಆಟಗಾರರು ಟ್ರೈ ಒತ್ತುವ ಜಾಗ. ಅದು ಖಾಲಿ ಇರಲೇಬೇಕು. ಆದರೆ ನೋಡುವವರಿಗೆ ಅಲ್ಲಿ ಯಾರೂ ಆಡುತ್ತಿಲ್ಲ ಎನ್ನಿಸುತ್ತದೆ. ಹತ್ತು ಗಂಟೆಗೆ ನಾನು ಬಂದಾಗ ಸುಣ್ಣದ ಗುರುತಿನ ಮೇಲೆ ಸಾಲಾಗಿ ಟವೆಲ್ಲುಗಳು ಹಾಸಿದ್ದವು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವಂತೆ ಜಾಗ ಹಿಡಿದಿದ್ದರು. ಕಾರ್ಯಕರ್ತರು ಎಬ್ಬಿಸುತ್ತಿದ್ದರು, ಅವರು ಆ ಕಡೆ ತಿರುಗಿದೊಡನೆ ಜನ ಮತ್ತೆ ಕೂರುತ್ತಿದ್ದರು. ಪಶ್ಚಿಮಕ್ಕೆ ಚಿಂಚೋಳಿಯಿಂದ ಟೆಂಪೋಗಳಲ್ಲಿ ಬಂದವರ ಮಧ್ಯೆ ಸೇಡಂನ ಒಂದು ಓಣಿಯೇ ಬಂದು ಕುಳಿತಿತ್ತು. ಬಂದವರಲ್ಲೊಬ್ಬ, "ಬಾಯಿ, ನೀವು ಯಾವ ಊರವ್ರು? ನಮ್ಮೂರಾಗ ನಿಮ್ಮನ್ನ ನೋಡಿಲ್ಲಲ್ಲ" ಎಂದು ಕೇಳುತ್ತಿದ್ದ. ಕಮಲಾಬಾಯಿ, "ನೀನು ನಿನ್ನೆ ಎಲ್ಲಿದ್ದಿ ತಮ್ಮಾ? ನಾವು ಮೂರು ದಿನದಿಂದ ಚಿಂಚೋಳಿಯವ್ರೇ" ಎಂದರು.

ಕೊನೆಯ ನಿಮಿಷದಲ್ಲಿ ಸೇಡಂ 12, ಚಿಂಚೋಳಿ 10. ಚೆಂಡು ನರಸಪ್ಪನ ಕೈಗೆ ಬಂತು. ಬದಿಯಿಂದ ಒಬ್ಬನನ್ನು, ಆಮೇಲೆ ಇನ್ನೊಬ್ಬನನ್ನು ತಪ್ಪಿಸಿ ಉತ್ತರದ ಗೆರೆಯ ಕಡೆ ಓಡಿದ. ಗೆರೆಗೆ ಇನ್ನೆರಡು ಹೆಜ್ಜೆ ಇರುವಾಗ ಶರಣು ಅವನ ಸೊಂಟಕ್ಕೆ ಹಾರಿ ಹಿಡಿದ. ಟ್ಯಾಕಲ್ ನಿಯಮದ ಪ್ರಕಾರವೇ ಇತ್ತು. ಆದರೆ ನರಸಪ್ಪನ ತಲೆ ಮತ್ತು ಬಲ ಭುಜ ಮೊದಲು ನೆಲಕ್ಕೆ ಬಡಿದವು. ಚೆಂಡು ಉರುಳಿ ಟವೆಲ್ ಹಾಸಿ ಕುಳಿತಿದ್ದವರ ಮಡಿಲಿಗೆ ಹೋಯಿತು. ಶರಣು ಎದ್ದ. ನರಸಪ್ಪ ಏಳಲಿಲ್ಲ.

ನಾನು ಮುಟ್ಟುವಾಗ ಅವನಿಗೆ ಎಚ್ಚರವಿತ್ತು. "ಬಲಗೈ ಜುಮ್ ಅನ್ನಾಕತ್ತದ್ರಿ. ಎತ್ತಾಕ ಬರವಲ್ದು" ಎಂದ. ಈ ಮಾತು ಕೇಳಿದರೆ ನಾವು ಮೊದಲು ಮಾಡುವುದು ಒಂದೇ ಕೆಲಸ. ಕತ್ತಿನ ಮೂಳೆಗೆ ಪೆಟ್ಟಾಗಿದೆ ಎಂದೇ ಎಣಿಸಿ ತಲೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿಯುವುದು. ಹಿಡಿದ ಮೇಲೆ ಕತ್ತಿಗೆ ಕಾಲರ್ ತೊಡಿಸಿ ಹಲಗೆಗೆ ಬಿಗಿಯುವವರೆಗೆ ಬಿಡುವಂತಿಲ್ಲ. ಮೂಳೆ ಮುರಿದಿದ್ದು, ಆಗ ತಲೆ ಹೊರಳಿದರೆ, ಆ ಕೈ ಮತ್ತೆಂದೂ ಏಳದಿರಬಹುದು. ಕಾಲುಗಳೂ ಹೋಗಬಹುದು.

ಜನ ನುಗ್ಗಿದರು. ನಮ್ಮ ಕಡೆ ಯಾರಾದರೂ ಬಿದ್ದರೆ ನೋಡುತ್ತ ನಿಲ್ಲುವುದು ಅವಮಾನ. ಎತ್ತಬೇಕು, ಕೂರಿಸಬೇಕು, ನೀರು ಕುಡಿಸಬೇಕು. ಒಬ್ಬರು ತಂಬಿಗೆ ತಂದರು, ಇನ್ನೊಬ್ಬರು ಅವನ ಕಾಲು ಹಿಡಿದರು. ಎರಡೂ ತಂಡದ ಹುಡುಗರು ಸುತ್ತಲೂ ತೋಳಿಗೆ ತೋಳು ಹೆಣೆದು ನಿಂತರು. ಆ ಬೇಲಿಯೂ ಒಳಕ್ಕೆ ಬಾಗತೊಡಗಿತು. ನನ್ನ ಎರಡೂ ಕೈ ಅವನ ತಲೆಯ ಮೇಲಿದ್ದವು. ಉಳಿದದ್ದು ಬಾಯಿ ಮಾತ್ರ. "ಹಿಂದ ಸರೀರಿ" ಎಂದು ಕೂಗಿದೆ. ಪ್ರತಿಯೊಬ್ಬರೂ ಪಕ್ಕದವರಿಗೆ "ಹಿಂದ ಸರೀರಿ" ಎಂದು ಹೇಳುತ್ತ ಮುಂದೆ ಬಂದರು.

ರಸ್ತೆ ಅಪಘಾತಗಳಲ್ಲಿ ನಾನು ಕಲಿತ ಒಂದು ಉಪಾಯವಿತ್ತು. ಗಾಯಾಳು ಯಾರ ಕಡೆಯವನೆಂದು ಜೋರಾಗಿ ಕೇಳಬೇಕು. ಒಬ್ಬರೋ ಇಬ್ಬರೋ ಮುಂದೆ ಬರುತ್ತಾರೆ, ಉಳಿದವರು ತಾವಾಗಿ ಹಿಂದೆ ಸರಿಯುತ್ತಾರೆ. ನಮ್ಮ ತಾಲ್ಲೂಕಿನ ಮುಧೋಳದ ರಸ್ತೆಯಲ್ಲಿ ಎಷ್ಟೋ ಸಲ ಕೆಲಸ ಮಾಡಿದ ಉಪಾಯ. ಅದನ್ನೇ ಮಾಡಿದೆ.

"ಯಾರ ಹುಡುಗ ಇವ? ಇವನ ಮಂದಿ ಯಾರು?"

"ನಮ್ಮವ!" ಎಂದಿತು ಪಶ್ಚಿಮದ ಬದಿ ಪೂರ್ತಿ. ಚಿಂಚೋಳಿಯವರು, ಓಣಿಯವರು, ಆ ಓಣಿಯ ಬೀಗರು, ಎಲ್ಲರೂ. ಇಷ್ಟು ಹೊತ್ತು ದೂರ ನಿಂತಿದ್ದವರೂ ಕರೆದರೆಂದು ಬಂದರು. ಬೇಲಿಯ ಒಬ್ಬ ಹುಡುಗ ನನ್ನ ಬೆನ್ನ ಮೇಲೆ ಬಿದ್ದ. ನನ್ನ ಬೆರಳುಗಳ ನಡುವೆ ನರಸಪ್ಪನ ತಲೆ ಕೂದಲೆಳೆಯಷ್ಟು ಹೊರಳಿತು. ಅವನು ಕಣ್ಣು ಮುಚ್ಚಿಕೊಂಡ.

ಕಮಲಾಬಾಯಿ ಅಷ್ಟರಲ್ಲಿ ಬೇಲಿಯ ಹತ್ತಿರ ಬಂದಿದ್ದರು. "ಅವ್ವಾ, ಇವನ್ನ ಅಲುಗಿಸಿದ್ರ ಕೈ ಹೋಗ್ತದ. ಇವರನ್ನೆಲ್ಲ ನಿಲ್ಲಸ್ರಿ" ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಹಿಂದಕ್ಕೆ ತಿರುಗಿ, ಬಸ್ ನಿಲ್ದಾಣಕ್ಕೆಲ್ಲ ಕೇಳುವ ಆ ದನಿಯಲ್ಲಿ ಕೂಗಿದರು.

"ಏ, ಕುಂದ್ರಿ ಎಲ್ಲಾರೂ! ಪಂಕ್ತಿ ಕುಂದ್ರಿ! ಎದುರುಬದುರು ಕುಂದ್ರಿ! ನಡುವ ದಾರಿ ಬಿಡ್ರಿ!"

ಅದು ಮೂರು ದಿನವೂ ಓಣಿಯಲ್ಲಿ ಊಟದ ಹೊತ್ತಿಗೆ ಕೇಳಿದ ಕೂಗು. ಮೊದಲು ಓಣಿಯವರು ಕುಳಿತರು. ಅವರನ್ನು ನೋಡಿ ಉಳಿದವರೂ ಕುಳಿತರು. ಯಾಕೆ ಕೂರುತ್ತಿದ್ದೇವೆಂದು ಎಷ್ಟು ಜನರಿಗೆ ತಿಳಿದಿತ್ತೋ ಗೊತ್ತಿಲ್ಲ. ಕಾಲು ಮಡಚಿ, ಎದುರುಬದುರಾಗಿ, ಗಾಡಿಯವರೆಗೆ ಎರಡು ಸಾಲು. ನಡುವೆ ಬಡಿಸುವವರು ಓಡಾಡುವಷ್ಟು ದಾರಿ. ಗಫೂರ್ ಚಾಚಾ ಆ ದಾರಿಯಲ್ಲೇ ಕಾಲರ್ ಮತ್ತು ಹಲಗೆ ತಂದರು. ನಾನು ಒಂದು, ಎರಡು, ಮೂರು ಎಂದೊಡನೆ ಆಟಗಾರರು ಅವನನ್ನು ಒಟ್ಟಿಗೆ ಹೊರಳಿಸಿ ಹಲಗೆಗೆ ಏರಿಸಿದರು. ಸೊಂಟ ಹಿಡಿದವನು ಶರಣು. ಅವನ ಹಿಡಿತ ಕೊನೆಯವರೆಗೂ ಸಡಿಲಾಗಲಿಲ್ಲ.

ಗಾಡಿಯಲ್ಲಿ ರೋಗಿಯ ಜೊತೆ ಇಬ್ಬರಿಗಷ್ಟೇ ಜಾಗ. ಚಿಂಚೋಳಿಯ ಕೋಚ್ ಹತ್ತಿದರು, ಕಮಲಾಬಾಯಿ ಯಾರನ್ನೂ ಕೇಳದೆ ಹತ್ತಿದರು. ಇನ್ನೂ ಕೆಲವರು ಕಾಲಿಟ್ಟಾಗ ಗಫೂರ್ ಚಾಚಾ, "ಇದು ಜನರಲ್ ಡಬ್ಬಿ ಅಲ್ರೀ, ಇಳೀರಿ" ಎಂದು ಬಾಗಿಲು ಹಾಕಿದರು. ಶರಣು ಬಾಗಿಲ ಹೊರಗೆ ನಿಂತೇ ಇದ್ದ.

ದಾರಿಯಲ್ಲಿ ನರಸಪ್ಪ ಕೇಳಿದ್ದು ಕೈಯ ಬಗ್ಗೆ ಅಲ್ಲ. "ಸಿಸ್ಟರ್, ಟ್ರೈ ಆತೇನ್ರಿ?" ಎಂದ. ನನಗೆ ತಿಳಿಯದು. ಕೋಚ್ ಕಿಟಕಿಯ ಕಡೆ ನೋಡಿದರು. ಕಮಲಾಬಾಯಿ, "ಆತು ತಗೋ. ನಾನೇ ಕಣ್ಣಾರೆ ನೋಡೀನಿ" ಎಂದರು.

ಕಲಬುರಗಿಯ ಆಸ್ಪತ್ರೆಯಲ್ಲಿ ಬಹಳ ಹೊತ್ತು ಕಾದ ಮೇಲೆ ಸ್ಕ್ಯಾನಿಗೆ ಒಳಗೆ ಒಯ್ಯುವಾಗ ಅಲ್ಲಿನ ನರ್ಸ್ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ಕೇಳಿದರು. "ಬಾಯಿ, ನೀವು ಇವನಿಗೆ ಏನಾಗಬೇಕು?"

ಮೈದಾನದಲ್ಲಿ 'ನಮ್ಮವ' ಎಂದು ಎಲ್ಲರಿಗಿಂತ ಜೋರಾಗಿ ಕೂಗಿದ್ದ ಹೆಂಗಸು ಇಲ್ಲಿ ಮೊದಲು ಸ್ಕ್ಯಾನಿನ ಬಾಗಿಲ ಕಡೆ ನೋಡಿದರು. ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಮೆಲ್ಲಗೆ, "ಇವನ್ನ ಕೆಡವಿದ ಹುಡುಗನ ತಾಯಿರಿ ನಾ" ಎಂದರು.

ಆಗಷ್ಟೇ ನರಸಪ್ಪನ ತಂದೆ ಬಂದು ನಮ್ಮ ಹಿಂದೆ ನಿಂತಿದ್ದರು. ಚಂದ್ರಂಪಳ್ಳಿ ಕೆರೆಯಲ್ಲಿ ಮೀನು ಹಿಡಿಯುವವರು. ಮೈದಾನದಿಂದ ಫೋನ್ ಹೋದೊಡನೆ ಯಾರದೋ ಬೈಕಿನಲ್ಲಿ ಹೊರಟು ಬಂದಿದ್ದರು. ಆ ಮಾತು ಅವರಿಗೆ ಕೇಳಿಸಿತು. ನಾನು ನಡುವೆ ಹೋಗಿ ನಿಂತೆ. ಜಗಳ ಬಿಡಿಸುವುದು ನನ್ನ ಕೆಲಸವಲ್ಲ, ಆದರೂ. ಅವರು ಹೋಗಿ ಸ್ಕ್ಯಾನಿನ ಬಾಗಿಲ ಎದುರಿನ ಬೆಂಚಿನ ಮೇಲೆ ಒಂದು ತುದಿಗೆ ಕುಳಿತರು. ಕಮಲಾಬಾಯಿ ಇನ್ನೊಂದು ತುದಿಗೆ.

ಕೊನೆಗೆ ಡಾಕ್ಟರ್ ಬಂದು, ಮೂಳೆಗೆ ಏನೂ ಆಗಿಲ್ಲ, ಭುಜದ ಕಡೆ ಹೋಗುವ ನರ ಎಳೆದುಕೊಂಡಿದೆ, ಬೆರಳುಗಳು ಈಗಲೇ ಆಡುತ್ತಿವೆ ಎಂದರು. ತಂದೆ ಎದ್ದು ಕಮಲಾಬಾಯಿಯ ಮುಂದೆ ಬಂದು ನಿಂತರು.

"ನಿಮ್ಮ ಹುಡುಗ ಎಲ್ಲಿ ಅದಾನ್ರಿ?"

"ಮೈದಾನದಾಗೇ ಬಿಟ್ಟು ಬಂದೀನ್ರಿ."

"ಹಂಗಾದ್ರ ಮದ್ಲ ಅವನಿಗಿ ಫೋನ್ ಹಚ್ರಿ. ಬೆರಳು ಆಡ್ಲಿಕತ್ತಾವ ಅಂತ ಹೇಳ್ರಿ. ಪಾಪ, ಗಂಟಲಾಗ ನೀರು ಸೈತ ಇಳಿದಿರಾಕಿಲ್ಲ ಅವಂಗ."

ಕಮಲಾಬಾಯಿ ಫೋನ್ ಹಚ್ಚಿದರು. ಶರಣು ಅತ್ತದ್ದು ನನಗೂ ಕೇಳಿಸಿತು. ಕಪ್ ಸೇಡಂಗೆ ಬಂದಿತ್ತು. ಚೆಂಡು ಗೆರೆಗೆ ಮೊದಲೇ ಕೈಯಿಂದ ಜಾರಿತ್ತೆಂದು ರೆಫರಿ ತೀರ್ಪು ಕೊಟ್ಟಿದ್ದರಂತೆ. "ಛಲೋ ಆತು" ಎಂದರು ಕಮಲಾಬಾಯಿ. ಆಮೇಲೆ ದನಿ ತಗ್ಗಿಸಿ, "ಆದ್ರ ಅವಂಗ ಟ್ರೈ ಆತಂತ ಹೇಳೀನಿ. ನೀನೂ ಹಂಗೇ ಹೇಳು, ತಿಳೀತಿಲ್ಲ? ಬರ್ತಾ ರೊಟ್ಟಿ ತಗೊಂಡು ಬಾ, ಇಲ್ಲಿ ಇವರಪ್ಪನೂ ಉಪವಾಸ ಅದಾರ" ಎಂದರು.

ಆ ಫೈನಲ್‌ನಲ್ಲಿ ಯಾವ ಊರಿಗೆ ಎಷ್ಟು ಬೆಂಬಲವಿತ್ತು ಎಂಬುದು ಡೈರಿಯಲ್ಲಿ ಇಂದಿಗೂ ಬರೆದಿಲ್ಲ. ಬರೆಯಲು ಬರಲಿಲ್ಲ. ನನ್ನ ಕೆಲಸದಲ್ಲಿ ಮಾತ್ರ ಒಂದು ಬದಲಾವಣೆಯಾಯಿತು. ಗುಂಪಿನ ನಡುವೆ ಗಾಯಾಳುವಿನ ತಲೆ ಹಿಡಿದು ಕುಳಿತಾಗ 'ಇವ ಯಾರವ' ಎಂದು ನಾನು ಕೇಳುವುದಿಲ್ಲ. ನಮ್ಮ ಊರುಗಳಲ್ಲಿ ಆ ಪ್ರಶ್ನೆಗೆ ಎಷ್ಟು ಜನ ಎದ್ದು ಬರುತ್ತಾರೆಂದು ಮೊದಲೇ ಹೇಳಲಾಗದು. ಎದ್ದು ಬಂದವರಿಗೆ ಹಿಂದೆ ಸರಿಯಿರಿ ಎಂದರೆ ಅದು ಬೇರೆಯವರಿಗೆ ಹೇಳಿದ್ದು ಎಂದುಕೊಳ್ಳುತ್ತಾರೆ. ಕುಳಿತುಕೊಳ್ಳಿ ಎಂದರೆ ಕುಳಿತುಕೊಳ್ಳುತ್ತಾರೆ.