ಕರ್ಟಿಸ್‌ನ ಓಟು ಮತ್ತು ನನ್ನ ಹೊಟ್ಟೆಯುರಿ

2022ರಲ್ಲಿ ನಾನು ಬಹ್ರೇನಿನ ಸಿತ್ರಾದ ಕಾರ್ಖಾನೆಯೊಂದರಲ್ಲಿ ಸೇಫ್ಟಿ ಆಫೀಸರ್. ಹದಿನಾರು ವರ್ಷದ ಸರ್ವಿಸ್. ಮ್ಯಾನೇಜರ್ ಹುದ್ದೆ ಖಾಲಿಯಾದಾಗ, ಅದು ನನಗೇ ಎಂದು ಸನದ್ ಎಂಬ ಊರಿನಲ್ಲಿದ್ದ ನಮ್ಮ ಮನೆಯಲ್ಲಿ ಹೆಂಡತಿಗೂ ಹೇಳಿಬಿಟ್ಟಿದ್ದೆ. ಬಂದದ್ದು ಕರ್ಟಿಸ್. ಅಮೆರಿಕದ ಕಪ್ಪು ಜನಾಂಗದವನು, ನನಗಿಂತ ಏಳು ವರ್ಷ ಚಿಕ್ಕವನು.

ಬಿಳಿಯನೊಬ್ಬ ಬಂದಿದ್ದರೆ ಅಷ್ಟು ಉರಿಯುತ್ತಿರಲಿಲ್ಲವೇನೋ. ಅದು ಅಭ್ಯಾಸವಾಗಿಹೋಗಿತ್ತು. ಇವನೂ ನಮ್ಮ ಹಾಗೆ ಬಣ್ಣದವನೇ, ಪಾಸ್‌ಪೋರ್ಟ್ ಮಾತ್ರ ಬೇರೆ. ಕಾರ್ಮಿಕರು ಅವನ ಜೋಕಿಗೆ ನಕ್ಕರೂ ನನಗೆ ಸಹಿಸಲಾಗುತ್ತಿರಲಿಲ್ಲ.

ಒಮ್ಮೆ ಕ್ಯಾಂಟೀನಿನಲ್ಲಿ ಅವನು, ತಾನು ಓಟು ಹಾಕುವುದು ಸಂಪ್ರದಾಯವಾದಿ ಪಕ್ಷಕ್ಕೆ ಎಂದ. "ಚರ್ಚು, ಕುಟುಂಬ, ಸ್ವಂತ ದುಡಿಮೆ. ನನ್ನ ಬಣ್ಣ ನೋಡಿ ಯಾರೂ ನನಗೆ ಏನೂ ಕೊಡುವುದು ಬೇಡ."

ಅಮೆರಿಕದ ಕಪ್ಪು ಜನರಲ್ಲಿ ಹೆಚ್ಚಿನವರು ಆ ಪಕ್ಷಕ್ಕೆ ಓಟು ಹಾಕುವುದಿಲ್ಲ ಎಂದು ಕೇಳಿದ್ದೆ. ನನಗೆ ಬೇಕಾದದ್ದು ಸಿಕ್ಕಿತು. ಕಂಪನಿ ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ ಅದನ್ನೇ ಹಂಚಿದೆ. ತನ್ನ ಜನರಿಗೇ ಆಗದವನು ನಮ್ಮಂಥವರ ಮಾತು ಕೇಳುತ್ತಾನೆಯೇ ಎಂದೆ. ತಿಂಗಳೊಳಗೆ ನಿಯರ್-ಮಿಸ್ ವರದಿಗಳು, ಅಂದರೆ ಸ್ವಲ್ಪದರಲ್ಲಿ ತಪ್ಪಿದ ಅಪಾಯಗಳ ಬಗ್ಗೆ ಕಾರ್ಮಿಕರು ಬರೆದುಕೊಡುವ ಚೀಟಿಗಳು, ಬರುವುದೇ ನಿಂತುಹೋಯಿತು. ಕರ್ಟಿಸ್ ಕಾರಣ ಕೇಳಿದ. ಗೊತ್ತಿಲ್ಲ ಎಂದೆ.

ಒಂದು ಬೆಳಿಗ್ಗೆ ಅಟ್ಟಣೆಯ ಹಲಗೆ ಜಾರಿ, ಕಾಪುವಿನ ಫಿಟ್ಟರ್ ಸದಾನಂದ ಕೆಳಗೆ ಬಿದ್ದು ಭುಜ ಮುರಿದುಕೊಂಡ. ಹಲಗೆಯನ್ನು ಬಿಗಿದು ಹಿಡಿಯುವ ಕ್ಲ್ಯಾಂಪ್ ಸಡಿಲವಾಗಿದ್ದನ್ನು ಅವನು ಹಿಂದಿನ ದಿನವೇ ನೋಡಿದ್ದನಂತೆ.

"ಯಾಕೆ ಬರೆದುಕೊಡಲಿಲ್ಲ ಮಾರಾಯ?" ಎಂದು ಆಸ್ಪತ್ರೆಯಲ್ಲಿ ಕೇಳಿದೆ.

"ನೀವೇ ಹೇಳಿದ್ದಲ್ವಾ ಸಾರ್, ಅವ ನಮ್ಮ ಮಾತು ಕೇಳುವ ಜನ ಅಲ್ಲಾಂತ."

ಮರುದಿನ ಕರ್ಟಿಸ್‌ನ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವನು ಅಪಘಾತ ವರದಿಯ ಹಾಳೆಯನ್ನು ನನ್ನ ಮುಂದಿಟ್ಟ.

"ನನ್ನ ಮುಖ ನೋಡಿ ನನ್ನ ಓಟು ಯಾರಿಗೆಂದು ನಮ್ಮೂರಲ್ಲೂ ತೀರ್ಮಾನಿಸುತ್ತಾರೆ. ತಪ್ಪಿದರೆ ದ್ರೋಹಿ ಅನ್ನುತ್ತಾರೆ. ಅದು ನನಗೆ ಹೊಸದಲ್ಲ. ಆದರೆ ಆ ಮನುಷ್ಯನ ಭುಜ ಮುರಿದಿದೆ. ಇದನ್ನು ವರದಿಯಲ್ಲಿ ಬರೆಯುತ್ತೀರಾ?"

ಬರೆದೆ. ಅಪಘಾತದ ಕಾರಣಗಳಲ್ಲಿ ಸಡಿಲ ಕ್ಲ್ಯಾಂಪಿನ ಕೆಳಗೆ ನನ್ನ ಮಾತುಗಳನ್ನೂ ಸೇರಿಸಿ ಸಹಿ ಹಾಕಿದೆ. ಎಚ್ಚರಿಕೆ ಪತ್ರ ಬಂತು. ಬಡ್ತಿಯ ಆಸೆ ಅಲ್ಲಿಗೆ ಮುಗಿಯಿತು.

ಅವನ ರಾಜಕೀಯ ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಆದರೆ ಆಗ ನನಗಿದ್ದದ್ದು ಭಿನ್ನಾಭಿಪ್ರಾಯವಲ್ಲ, ಬರೀ ಹೊಟ್ಟೆಕಿಚ್ಚು. ಅವೆರಡನ್ನು ಬೇರೆ ಮಾಡಿ ನೋಡಲು ಕಲಿಸಿದ್ದು ಆ ವರದಿ ಬರೆದ ಕೆಲಸ. ಕಲಿಯುವುದಕ್ಕೆ ಬೇರೆಯವನ ಭುಜ ಬೇಕಾಯಿತು.