ಭಾವನ ಔಷಧಕ್ಕೆ ಹೆಪ್ಪು

ಯುದ್ಧ ಮುಗಿದು ಕರ್ಕಿಯ ಭಾವ ಸೈನ್ಯದಿಂದ ಬಂದಿದ್ದರು. ಮಾತು ಮಾತ್ರ ಬಂದಿರಲಿಲ್ಲ. ಯಕ್ಷಗಾನವೆಂದರೆ ಪ್ರಾಣ ಬಿಡುತ್ತಿದ್ದವರು ಮನೆಯೆದುರೇ ಚೆಂಡೆ ಬಾರಿಸಿದರೂ ಏಳುತ್ತಿರಲಿಲ್ಲ. ಅಕ್ಕ ನಮ್ಮ ಕುಮಟೆಯ ಮನೆಗೆ ಬಂದು ಅತ್ತಳು. "ಸೈನ್ಯದಲ್ಲಿ ಬಿಯರು ಕುಡೀತಾ ಎಲ್ಲರೂ ನಗಾಡ್ತಿದ್ರಂತೆ. ಬಂದ್ಮೇಲೆ ಅವ್ರು ಅದೊಂದೇ ಮಾತು ಹೇಳಿದ್ದು."

"ಅದೆಂತ ದೊಡ್ಡದು? ನಾ ಮಾಡಿ ಕೊಡ್ತೆ" ಎಂದೆ. ನಾನು ಬಿಯರು ಕಂಡದ್ದು ಮುಂಬಯಿಯ ಅಂಗಡಿಯೊಂದರ ಗಾಜಿನ ಆಚೆ ಮಾತ್ರ. ಆದರೆ ಮೆಟ್ರಿಕ್ ಪಾಸಾದವನು, ಗೊತ್ತಿಲ್ಲ ಎನ್ನುವುದು ಹೇಗೆ?

ಹೆಪ್ಪು ಬೇಕೆಂಬುದಷ್ಟು ತಿಳಿದಿತ್ತು. ಕಳ್ಳು ಇಳಿಸುವವರ ಮನೆಯಿಂದ ಮಡಕೆಯ ತಳದ ಗಸಿ ತಂದು, ಬೆಲ್ಲದ ನೀರಿಗೆ ಹಾಕಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿದೆ. ಮರುದಿನ ನೊರೆ ಉಕ್ಕಿತು. ನಾನೂ ಉಬ್ಬಿದೆ.

"ಅದೆಂತ ಮಗಾ?" ಎಂದಳು ಆಯಿ. ಅವಳೆದುರು ಕಳ್ಳಿನ ಹೆಸರೆತ್ತುವ ಧೈರ್ಯ ಯಾರಿಗಿತ್ತು? "ಭಾವನಿಗೆ ಔಷಧ" ಎಂದೆ.

ಮೊಳಕೆ ರಾಗಿಯನ್ನು ಒಣಗಿಸಿ ಕುಟ್ಟಿ, ಬಿಸಿನೀರಲ್ಲಿ ನೆನೆಸಿ, ಸೋಸಿ ಕುದಿಸಿದೆ. ಕುದಿಯುತ್ತಿದ್ದ ಹಾಗೆಯೇ ಹೆಪ್ಪು ಸುರಿದೆ. ಅಲ್ಲಿಗೆ ಅದು ಸತ್ತಿತು. ಸುಡುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗದೆಂದು ನಮ್ಮ ಮನೆಯ ಬೆಕ್ಕಿಗೂ ಗೊತ್ತಿತ್ತು. ಮತ್ತೆ ಗಸಿ ಬೇಡಲು ಹೋದರೆ, ಹಿಂದಿನದನ್ನು ಕುಡಿದೇ ಮುಗಿಸಿದನೇನೋ ಎಂಬಂತೆ ಆ ಮನೆಯವರು ನನ್ನನ್ನು ನೋಡಿದರು. ಈ ಸಲ ರಾಗಿನೀರು ಆರಿದ ಮೇಲೆ ಭರಣಿಗೆ ಸುರಿದು ಹೆಪ್ಪು ಹಾಕಿದೆ. ಬಿಯರು ಪಾನಕದ ಹಾಗೆ ಸಿಹಿಯೆಂದು ನಂಬಿದ್ದರಿಂದ ಬೆಲ್ಲವನ್ನೂ ಧಾರಾಳವಾಗಿ ಸೇರಿಸಿದೆ.

ಅಕ್ಕನ ಜೊತೆ ಭಾವ ನಮ್ಮ ಮನೆಗೆ ಬಂದ ದಿನ ಲೋಟ ತುಂಬಿ ಕೊಟ್ಟೆ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ನಾನೂ ರುಚಿ ನೋಡಿದೆ. ಜ್ವರದ ಕಷಾಯದ ಕಹಿ! ನನ್ನ ಮರ್ಯಾದೆ ಹೋಯಿತು ಎಂದುಕೊಂಡೆ.

"ಕಿರಾತಕಡ್ಡಿ ನಾ ಹಾಕ್ದೆ" ಎಂದಳು ಬಾಗಿಲಲ್ಲಿ ನಿಂತಿದ್ದ ಆಯಿ. "ಔಷಧ ಅಂದಿ. ಸಿಹಿ ಔಷಧ ಎಲ್ಲಾದ್ರೂ ಉಂಟಾ?"

ಭಾವ ಕಣ್ಣು ತೆರೆದರು. "ಅಲ್ಲಿಯ ಬಿಯರೂ ಹಿಂಗೇ ಕಹಿ ಇರ್ತಿತ್ತು" ಎಂದರು. ಆಮೇಲೆ ಕಿವಿಚಿದ ನನ್ನ ಮುಖ ನೋಡಿ, "ನೀ ಜನ್ಮದಲ್ಲಿ ಬಿಯರು ಕುಡ್ದೇ ಇಲ್ಲ, ಅಲ್ದಾ?" ಎಂದು ಜೋರಾಗಿ ನಕ್ಕರು. ಆ ನಗು ಕೇಳಿ ಅಕ್ಕ ಒಳಗಿನಿಂದ ಓಡಿ ಬಂದಳು. ನನ್ನ ದಡ್ಡತನ ಒಬ್ಬರಿಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ನನಗೆ ಅಳುವಷ್ಟು ಸಂತೋಷವಾಯಿತು.

ಸಂಜೆ ಭರಣಿ ತೊಳೆಯಲು ಹೋದರೆ ತಳದ ಗಸಿಯೇ ಇಲ್ಲ. ಆಯಿ ಅದನ್ನು ಸಣ್ಣ ಭರಣಿಗೆ ಬಗ್ಗಿಸಿ, ಬೆಲ್ಲದ ನೀರು ಹಾಕಿ, ಬಟ್ಟೆ ಕಟ್ಟಿ, ಮೊಸರಿನ ಪಕ್ಕದಲ್ಲೇ ಇಟ್ಟಿದ್ದಳು.

"ಕಳ್ಳಿನ ಹೆಪ್ಪು ನೀ ಮತ್ತೆ ಸಾಯ್ಸಿ ಹಾಕ್ತಿ" ಎಂದಳು. "ಇದು ನನ್ ಹತ್ರೇ ಇರ್ಲಿ."